ಬೆಳಗಾವಿಯ ಮಾಳಿಗೆಯಲ್ಲಿ ಶಿಸೊ: ಬೀಜ, ಜಿಟಿಜಿಟಿ ಮಳೆ, ನಡುರಾತ್ರಿಯ ಬಲ್ಬು

ಬೆಳಗಾವಿಯಲ್ಲಿ ಶಿಸೊ ಎಂಬ ಜಪಾನಿನ ಪರಿಮಳದ ಸೊಪ್ಪು ಮೊಳೆಯುತ್ತದೆ, ಚೆನ್ನಾಗಿಯೇ ಮೊಳೆಯುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಗಿಡ ಗೇಣುದ್ದ ಆಗಿ ನಾಲ್ಕೈದು ಜೊತೆ ಎಲೆ ಬಿಡುವಷ್ಟರಲ್ಲೇ ತುದಿಯಲ್ಲಿ ತೆನೆಯಂಥ ಮೊಗ್ಗು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬರುವ ಎಲೆಗಳು ಸಣ್ಣ, ಒರಟು. ಬೀಜ ಕಟ್ಟಿತೆಂದರೆ ಗಿಡದ ಆಯುಷ್ಯವೇ ಮುಗಿಯಿತು. ಇದೇ ಗಿಡ ಜಪಾನಿನಲ್ಲಿ ಸೊಂಟದೆತ್ತರ ಬೆಳೆದು ಬೇಸಿಗೆಯುದ್ದಕ್ಕೂ ಎಲೆ ಕೊಡುತ್ತದೆ. ಇಷ್ಟು ಅಂತರಕ್ಕೆ ಕಾರಣ ನಮ್ಮ ರಾತ್ರಿಯ ಉದ್ದ. ಅದಕ್ಕೆ ಉಪಾಯವೂ ಇದೆ, ದುಬಾರಿಯದೇನಲ್ಲ. ಟಿಳಕವಾಡಿಯ ನಮ್ಮ ಮನೆಯ ಮಾಳಿಗೆ ಮೇಲೆ ಹಾಕಿಕೊಂಡ ಬಲ್ಬಿನ ಪಾತಿಯ ಕೆಲಸವನ್ನು ಬೀಜ ನೆನೆಸುವಲ್ಲಿಂದ ಹಿಡಿದು ಬರೆದಿಡುತ್ತಿದ್ದೇನೆ.

ಶಿಸೊ ನಮ್ಮ ತುಳಸಿ, ಪುದೀನಾ, ದೊಡ್ಡಪತ್ರೆಗಳ ಬಳಗದ್ದು. ಕಾಂಡ ಚೌಕ, ಎಲೆಗಳು ಎದುರುಬದುರು, ಅಂಚು ಗರಗಸದ ಹಲ್ಲಿನಂತೆ. ಹೊಸಕಿ ಮೂಸಿದರೆ ಮೊದಲು ಪುದೀನಾದ ತಂಪು, ಹಿಂದೆಯೇ ಜೀರಿಗೆಯ ಘಾಟು, ಕೊನೆಗೆ ನಿಂಬೆಸಿಪ್ಪೆಯ ಹುಳಿ ವಾಸನೆ. ಆ ಪರಿಮಳದ ಮುಖ್ಯ ಅಂಶಕ್ಕೆ ಪೆರಿಲಾಲ್ಡಿಹೈಡ್ ಎನ್ನುತ್ತಾರೆ. ಹಸಿರು ಜಾತಿಯನ್ನು ಹಸಿಯಾಗಿ ತಿನ್ನುತ್ತಾರೆ, ಎಣ್ಣೆಯಲ್ಲಿ ಕರಿಯುತ್ತಾರೆ. ಕೆಂಪು ಜಾತಿಯನ್ನು ಬಣ್ಣಕ್ಕೂ ಉಪ್ಪಿನಕಾಯಿಗೂ ಬಳಸುತ್ತಾರೆ. ನಾನು ಎರಡನ್ನೂ ಬಿತ್ತಿದೆ.

ಬೀಜ ಕೊಳ್ಳುವಾಗ ಒಂದು ಎಚ್ಚರ ಬೇಕು. ಉತ್ತರಾಖಂಡದ ಭಂಗಜೀರಾ, ಸಿಕ್ಕಿಂ ಕಡೆಯ ಸಿಲಾಮ್, ಮಣಿಪುರದ ಥೊಯ್ಡಿಂಗ್ ಇವೆಲ್ಲ ಇದೇ ಪೆರಿಲಾ ಕುಲದವೇ, ಆದರೆ ಬೀಜಕ್ಕಾಗಿ ಬೆಳೆಯುವ ತಳಿಗಳು. ನಾವು ಗುರೆಳ್ಳು, ಅಗಸಿ ಹುರಿದು ಚಟ್ನಿಪುಡಿ ಮಾಡುವ ಹಾಗೆಯೇ ಅಲ್ಲಿನವರು ಅದರ ಬೀಜ ಹುರಿದು ಚಟ್ನಿ ಅರೆಯುತ್ತಾರೆ. ಬಲು ರುಚಿ. ಆದರೆ ಅದರ ಎಲೆಯಲ್ಲಿ ಶಿಸೊದ ಪರಿಮಳ ಸಿಗದು. ಎಲೆ ಬೇಕಾದವರು ಪೊಟ್ಟಣದ ಮೇಲೆ ಶಿಸೊ ಎಂದೋ ಪೆರಿಲಾ ಕ್ರಿಸ್ಪಾ ಎಂದೋ ಇರುವುದನ್ನೇ ತರಿಸಬೇಕು. ಪ್ಯಾಕ್ ಮಾಡಿದ ವರ್ಷವನ್ನೂ ನೋಡಬೇಕು. ಈ ಬೀಜದ ಜೀವ ಗಿಡ್ಡದು. ಸಾಧಾರಣ ಡಬ್ಬಿಯಲ್ಲಿಟ್ಟರೆ ವರ್ಷ ಕಳೆಯುವಷ್ಟರಲ್ಲಿ ಮೊಳೆಯುವ ಶಕ್ತಿ ಬಹಳ ಕುಗ್ಗುತ್ತದೆ.

ಬೀಜ ಮತ್ತು ಮಣ್ಣು

ಕಾಳು ಸಾಸಿವೆಗಿಂತ ತುಸು ಸಣ್ಣದು, ದುಂಡಗೆ, ಕಂದು, ಮೈಮೇಲೆ ಬಲೆಯಂಥ ಗೆರೆ. ರಾತ್ರಿಯಿಡೀ ನೀರಲ್ಲಿ ನೆನೆಸಿ, ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ವಾರ ಇಟ್ಟೆ. ಹೊಸ ಬೀಜಕ್ಕೆ ಕೊಯ್ಲಾದ ಕೆಲವು ತಿಂಗಳು ನಿದ್ದೆ ಇರುತ್ತದೆ, ಈ ತಂಪಿಗೆ ಅದು ಮುರಿಯುತ್ತದೆ.

ಕುಂಡಗಳು ಖಾನಾಪುರದ ಕೆಂಪು ಮಣ್ಣಿನವು. ಖಾನಾಪುರದ ಜೇಡಿ ಕುಂಬಾರಿಕೆಗೆ ಹೆಸರಾದದ್ದು. ಅಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ. ನಮ್ಮ ಮಳೆಗಾಲಕ್ಕೆ ಮಣ್ಣಿನ ಕುಂಡವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜುಲೈನಲ್ಲಿ ದಿನಗಟ್ಟಲೆ ಬಿಸಿಲು ಕಾಣದಿದ್ದಾಗ ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಕೊಳೆಯುತ್ತದೆ, ಮಣ್ಣಿನದಾದರೆ ಮೈಯಿಂದಲೇ ತೇವ ಬಿಡುತ್ತದೆ. ಒಳಗೆ ತುಂಬಿದ್ದು ಕೆಂಪು ಮಣ್ಣು ಎರಡು ಪಾಲು, ಹಳೆಯ ತಿಪ್ಪೆಗೊಬ್ಬರ ಒಂದು ಪಾಲು, ಕೊಕೊಪೀಟ್ ಎಂಬ ತೆಂಗಿನ ನಾರಿನ ಪುಡಿ ಒಂದು ಪಾಲು, ಮೇಲೆ ಒಂದು ಹಿಡಿ ಉಸುಕು. ಸಸಿ ಏಳಿಸುವ ತಟ್ಟೆಗೆ ಮಾತ್ರ ಗೊಬ್ಬರ ಹಾಕದೆ ಕೊಕೊಪೀಟು, ಉಸುಕು ಎರಡನ್ನೇ ಸಾಣಿಗೆಯಲ್ಲಿ ಹಿಡಿದು ಹಾಕಿದೆ.

ಬಿತ್ತುವಾಗ ಮಣ್ಣು ಮುಚ್ಚಬಾರದು. ಶಿಸೊ ಬೀಜ ಮೊಳೆಯಲು ಬೆಳಕು ಬೇಕು. ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಆದರೆ ಹೀಗೆ ಮೇಲೆಯೇ ಕೂತ ಬೀಜಕ್ಕೆ ಮೇಲಿನಿಂದ ನೀರು ಹಾಕಿದರೆ ಅದು ತೇಲಿ ಮೂಲೆ ಸೇರುತ್ತದೆ. ಅದಕ್ಕೆ ತಟ್ಟೆಯನ್ನು ನೀರು ತುಂಬಿದ ಪರಾತದಲ್ಲಿ ಇಟ್ಟು ಕೆಳಗಿನಿಂದ ಹೀರಿಸಬೇಕು. ಮೇಲೆ ಒಂದು ಗಾಜಿನ ಹಲಗೆ, ಮೊಳಕೆ ಕಂಡ ಕೂಡಲೇ ಅದನ್ನು ಒಂದು ಬದಿ ಎತ್ತಿ ಗಾಳಿ ಆಡಲು ಬಿಡಬೇಕು. ಇಲ್ಲವಾದರೆ ಎಳೆ ಸಸಿಗಳು ಬುಡದಲ್ಲೇ ಕೊಳೆತು ಮಲಗುತ್ತವೆ.

ಬಿತ್ತಲು ಜೂನ್ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮಾಳಿಗೆಯ ಗಚ್ಚು ಸುಡುತ್ತಿರುತ್ತದೆ. ಶಿಸೊಗೆ ಹಿತವಾದದ್ದು 20ರಿಂದ 25 ಡಿಗ್ರಿ. ಮೃಗಶಿರಾ ಮಳೆ ಹಿಡಿದ ಮೇಲೆ ಬೆಳಗಾವಿಯ ಹವೆ ತಾನಾಗಿಯೇ ಅಲ್ಲಿಗೆ ಇಳಿಯುತ್ತದೆ. ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿರುವ, ಘಟ್ಟದ ಮಗ್ಗುಲಿನ ಊರಿನ ಲಾಭವದು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಜೂನ್ ಕೂಡ ಬಿಸಿಯೇ. ಅವರು ಆಗಸ್ಟ್ ತನಕ ಕಾಯುವುದು ಅಥವಾ ಸಸಿಯ ತಟ್ಟೆಯನ್ನು ಮನೆಯೊಳಗೆ ಕಿಟಕಿಯ ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ವಾರದೊಳಗೆ ಮೊಳಕೆ ಕಂಡವು. ಮೊದಲ ಎರಡು ಎಲೆ ದುಂಡಗೆ, ತುಳಸಿ ಸಸಿಯಂತೆಯೇ, ಸ್ವಲ್ಪ ದೊಡ್ಡವು. ಹಲ್ಲಿನ ಅಂಚು ಬರುವುದು ಮುಂದಿನ ಜೊತೆಗೆ. ಆಗ ಕೆಂಪಿನದರಲ್ಲಿ ಕೆಲವು ಸಸಿಗಳು ಮಾಸಲು ಹಸಿರಾಗಿ ಬಂದವು, ಅವನ್ನು ಕಿತ್ತು ಹಾಕಿದೆ. ಎರಡು ಜೊತೆ ಹಲ್ಲೆಲೆ ಆದ ಮೇಲೆ ಹತ್ತಿಂಚಿನ ಕುಂಡಕ್ಕೆ ಒಂದರಂತೆ ನೆಟ್ಟು, ಐದನೆಯ ಜೊತೆಯ ಮೇಲೆ ತುದಿ ಚಿವುಟಿದೆ. ಚಿವುಟಿದರೆ ಪಕ್ಕದ ಕೊಂಬೆ ಒಡೆದು ಎಲೆ ಹೆಚ್ಚುತ್ತದೆ.

ಹೂವಿಗೆ ಯಾಕೆ ಇಷ್ಟು ಅವಸರ

ಈಗ ಮುಖ್ಯ ಮಾತು. ಶಿಸೊ ರಾತ್ರಿಯನ್ನು ಅಳೆಯುವ ಗಿಡ. ಹಗಲು ಸುಮಾರು 14 ಗಂಟೆಗಿಂತ ಗಿಡ್ಡವಾಯಿತೋ, ಅಂದರೆ ರಾತ್ರಿ 10 ಗಂಟೆ ದಾಟಿತೋ, ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಹೊರಳುತ್ತದೆ. ಟೋಕಿಯೊದಲ್ಲಿ ಜೂನ್ ಹೊತ್ತಿಗೆ ಹಗಲು ಹದಿನಾಲ್ಕೂವರೆ ಗಂಟೆ. ಹಾಗಾಗಿ ಅಲ್ಲಿ ಬೇಸಿಗೆಯಿಡೀ ಎಲೆ, ಹೂ ಬರುವುದು ಮುಂದೆ ಹಗಲು ಇಳಿದ ಮೇಲೆ. ಬೆಳಗಾವಿ 16 ಡಿಗ್ರಿ ಅಕ್ಷಾಂಶಕ್ಕೂ ಒಳಗಿದೆ. ನಮ್ಮ ವರ್ಷದ ಅತಿ ಉದ್ದದ ಹಗಲು 13 ಗಂಟೆಯ ಮೇಲೆ ಬರೀ ಕೆಲವು ನಿಮಿಷ. ಡಿಸೆಂಬರಿನಲ್ಲಿ ಹನ್ನೊಂದು ಗಂಟೆ ಚಿಲ್ಲರೆ. ಅಂದರೆ ವರ್ಷದ ಯಾವ ದಿನ ಬಿತ್ತಿದರೂ ಶಿಸೊದ ಲೆಕ್ಕದಲ್ಲಿ ನಮ್ಮಲ್ಲಿ ಹೂ ಬಿಡುವ ಕಾಲವೇ. ಎಷ್ಟು ಗೊಬ್ಬರ ಹಾಕಿದರೂ, ಎಷ್ಟು ಚಿವುಟಿದರೂ ಇದು ಬದಲಾಗದು.

ನಮ್ಮ ಜಿಲ್ಲೆಯವರಿಗೆ ಇದು ಪೂರಾ ಅಪರಿಚಿತ ಸಂಗತಿಯೇನಲ್ಲ. ಬೈಲಹೊಂಗಲ ಕಡೆ ಸೋಯಾ ಬೆಳೆಯುವವರು ನೋಡಿರುತ್ತಾರೆ: ದೊಡ್ಡ ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುವ ಹೊಲದ ಅಂಚಿನಲ್ಲಿ ಗಿಡಗಳು ಹಸಿರಾಗಿಯೇ ನಿಂತಿರುತ್ತವೆ, ಉಳಿದ ಹೊಲ ಹಣ್ಣಾದರೂ ಅವು ಹಣ್ಣಾಗುವುದಿಲ್ಲ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು ಬರೆದು ಪ್ರಕಟಿಸಿದಾಗ ಅವರ ಮುಂದಿದ್ದ ಗಿಡಗಳಲ್ಲಿ ಮುಖ್ಯವಾದವು ಎರಡು, ತಂಬಾಕು ಮತ್ತು ಸೋಯಾ. ನಿಪ್ಪಾಣಿಯ ತಂಬಾಕು, ಬೈಲಹೊಂಗಲದ ಸೋಯಾ ಎರಡನ್ನೂ ಬೆಳೆಯುವ ಜಿಲ್ಲೆಯಲ್ಲಿ ಕೂತು ಅದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಗಿಡ ಅಳೆಯುವುದು ಹಗಲನ್ನಲ್ಲ, ಬಿಡುವಿಲ್ಲದ ಕತ್ತಲನ್ನು ಎಂದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ತೋರಿಸಿದರು. ನಮ್ಮ ಕೆಲಸ ಹಗುರವಾಗುವುದು ಇಲ್ಲೇ. ಹಗಲನ್ನು 14 ಗಂಟೆಗೆ ಎಳೆಯಬೇಕಿಲ್ಲ. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಕೊಟ್ಟು ಕತ್ತಲನ್ನು ಎರಡು ತುಂಡು ಮಾಡಿದರೆ ಗಿಡಕ್ಕೆ ಅದು ಎರಡು ಗಿಡ್ಡ ರಾತ್ರಿ.

ಜಪಾನಿನ ರೈತರೂ ಇದನ್ನೇ ಮಾಡುತ್ತಾರೆ. ಐಚಿ ಪ್ರಾಂತದ ತೊಯೊಹಾಶಿ ಸುತ್ತಮುತ್ತ ಹಸಿರು ಶಿಸೊದ ದೊಡ್ಡ ಬೆಳೆಯಿದೆ. ಗಾಜಿನಮನೆಗಳಲ್ಲಿ ರಾತ್ರಿ ದೀಪ ಹಾಕಿ ವರ್ಷವಿಡೀ ಎಲೆ ಕೊಯ್ದು, ಹತ್ತತ್ತು ಎಲೆಯ ಕಟ್ಟು ಮಾಡಿ ಮಾರುತ್ತಾರೆ. ನಮ್ಮ ರಾಜ್ಯದಲ್ಲೇ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆ ಸೇವಂತಿ ಹೊಲಗಳಲ್ಲಿ ರಾತ್ರಿ ಬಲ್ಬುಗಳ ಸಾಲು ಉರಿಯುವುದನ್ನು ದಾರಿಹೋಕರು ನೋಡಿರುತ್ತೀರಿ. ಅದೂ ಇದೇ ಲೆಕ್ಕ: ಸೇವಂತಿ ಅವಸರಕ್ಕೆ ಹೂ ಬಿಡದೆ ಮೊದಲು ಮೈತುಂಬಿಕೊಳ್ಳಲಿ ಎಂದು.

ಬಲ್ಬಿನ ಪಾತಿ

ಅರ್ಧ ಇಂಚಿನ ಪಿವಿಸಿ ಪೈಪು ಕೊಯ್ದು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಐದು ಅಡಿ ಎತ್ತರದ ಚೌಕಟ್ಟು ಮಾಡಿದೆ. ಮೂಲೆಗಳಿಗೆ ಎಲ್ಬೋ, ನಡುವೆ ಟೀ. ಅಂಟು ಹಚ್ಚಲಿಲ್ಲ, ಬೇಸಿಗೆಯಲ್ಲಿ ಬಿಚ್ಚಿಡಲು ಅನುಕೂಲ. ನಮ್ಮ ಮಳೆಗಾಲದ ಗಾಳಿಗೆ ಇದು ಹಾರದಂತೆ ನಾಲ್ಕೂ ಕಾಲುಗಳನ್ನು ಉಸುಕು ತುಂಬಿದ ಡಬ್ಬಿಗಳಲ್ಲಿ ಊರಿದೆ. ಮೇಲ್ಗಡೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಳಿಜಾರಾಗಿ, ನಾಲ್ಕೂ ಬದಿಗೆ ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ.

ವೈರಿಂಗ್ ಮಾಡಲು ಬಂದ ಅಣ್ಣ ಕೇಳಿದ: "ಅಕ್ಕಾರ, ಗಿಡಕ್ಕ ಬಲ್ಬ್ ಯಾಕ್ರೀ? ಹಗಲೆಲ್ಲಾ ಬಿಸಲ ಬೀಳತೈತಲ್ಲ?"

"ಬೆಳ್ಯಾಕಲ್ಲ ತಮ್ಮಾ, ರಾತ್ರಿ ಸಣ್ಣದು ಮಾಡಾಕ," ಅಂದೆ. ಸೋಯಾದ ಮಾತು ತೆಗೆದ ಕೂಡಲೇ ಅವನಿಗೆ ಹೊಳೆಯಿತು. ಅವನ ಊರ ಹೊಲದ ದಂಡೆಗೂ ಹಂಗ ಆಗತೈತಂತೆ.

ಬಲ್ಬು 9 ವ್ಯಾಟಿನ ಎಲ್‌ಇಡಿ, ಹಳದಿ ಬೆಳಕಿನದು. ಬಿಳಿ ಬೆಳಕಿನದಕ್ಕಿಂತ ಇದೇ ಮೇಲು, ಎರಡು ಕಾರಣಕ್ಕೆ. ಎಲೆಯಲ್ಲಿ ರಾತ್ರಿಯನ್ನು ಗುರುತಿಸುವ ಫೈಟೊಕ್ರೋಮ್ ಎಂಬ ವರ್ಣಕ ಕೆಂಪು ಬೆಳಕಿಗೆ ಎಚ್ಚೆತ್ತುಕೊಳ್ಳುತ್ತದೆ, ಹಳದಿ ಬಲ್ಬಿನಲ್ಲಿ ಕೆಂಪಿನ ಪಾಲು ಹೆಚ್ಚು. ಹುಳಗಳೂ ಹಳದಿಗೆ ಕಡಿಮೆ ಮುತ್ತುತ್ತವೆ. ಗಿಡದ ತುದಿಯಿಂದ ಸುಮಾರು ಒಂದು ಮೀಟರ್ ಮೇಲೆ ತೂಗುಹಾಕಿದೆ. ಪಾತಿಯ ಮೂಲೆಯ ಕುಂಡದ ಹತ್ತಿರ ದಿನಪತ್ರಿಕೆ ಹಿಡಿದರೆ ಸಣ್ಣಕ್ಷರ ಓದಲು ಬರಬೇಕು, ಅಷ್ಟು ಬೆಳಕು ಸಾಕು. ಅದು ಗಿಡಕ್ಕೆ ಅಡುಗೆ ಮಾಡುವ ಬೆಳಕಲ್ಲ, ಆ ಕೆಲಸ ಸೂರ್ಯನದು.

ಹೊತ್ತು ರಾತ್ರಿ 11ರಿಂದ 2. ನಮ್ಮಲ್ಲಿ ಚಳಿಗಾಲದ ರಾತ್ರಿ ಸಂಜೆ ಆರರಿಂದ ಬೆಳಗಿನ ಏಳರತನಕ ಎಂದುಕೊಂಡರೆ ನಡುಮಧ್ಯ ಹನ್ನೆರಡೂವರೆ. ಅದರ ಆಚೀಚೆ ಒಂದೂವರೆ ಗಂಟೆ. ಹೀಗಿಟ್ಟರೆ ಎರಡೂ ಕಡೆ ಉಳಿಯುವ ಕತ್ತಲು ಐದೈದು ಗಂಟೆ. ತಿಂಗಳಿಗೆ ಖರ್ಚಾಗುವುದು ಒಂದು ಯೂನಿಟ್ಟಿಗೂ ಕಡಿಮೆ ಕರೆಂಟು.

ಟೈಮರಿನ ವಿಷಯದಲ್ಲಿ ಚೌಕಾಸಿ ಬೇಡ. ಮುಳ್ಳು ತಿರುಗುವ ಅಗ್ಗದ ಟೈಮರು ಕರೆಂಟು ಹೋದಾಗ ನಿಂತುಬಿಡುತ್ತದೆ. ಬಂದ ಮೇಲೆ ನಿಂತಲ್ಲಿಂದ ಶುರು. ಮಳೆಗಾಲದಲ್ಲಿ ಕರೆಂಟು ಹೋಗಿಬಂದು ಮಾಡುವಾಗ ವಾರದೊಳಗೆ ಅದರ ನಡುರಾತ್ರಿ ಬೆಳಗಿನ ಜಾವಕ್ಕೆ ಹೋಗಿ ಕೂತಿರುತ್ತದೆ. ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರು ಹೊತ್ತು ತಪ್ಪುವುದಿಲ್ಲ. ಒಂದೆರಡು ರಾತ್ರಿ ಬಲ್ಬು ಹತ್ತದಿದ್ದರೆ ಗಿಡ ಸಹಿಸಿಕೊಳ್ಳುತ್ತದೆ, ಸಾಲಾಗಿ ಹಲವು ರಾತ್ರಿ ತಪ್ಪಿದರೆ ಮೊಗ್ಗು ಬರುತ್ತದೆ.

ಮಳೆಯಲ್ಲಿ ಕರೆಂಟಿನ ಕೆಲಸ, ಆದ್ದರಿಂದ ಟೈಮರನ್ನು ಮನೆಯೊಳಗೇ ಇಟ್ಟೆ. ಹೊರಗೆ ಬಂದದ್ದು ಬರೀ ವೈರು ಮತ್ತು ನೀರಿಳಿಯದ ಹೋಲ್ಡರು. ವೈರು ಹೋಲ್ಡರಿಗೆ ಹೋಗುವ ಮುನ್ನ ಅದಕ್ಕಿಂತ ಕೆಳಗಿಳಿದು ಮತ್ತೆ ಮೇಲೇರುವಂತೆ ಬಳುಕು ಕೊಡಬೇಕು, ಮಳೆನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ಕೂಡಲೇ ಕಡಿದುಹಾಕುವ ಸ್ವಿಚ್ಚು) ಇಲ್ಲದವರು ಮೊದಲು ಅದನ್ನು ಹಾಕಿಸಿ ಆಮೇಲೆ ಈ ಕೆಲಸಕ್ಕೆ ಕೈಹಾಕಿ.

ಅತ್ತೆಯವರ ಸೇವಂತಿ ಕುಂಡಗಳು ಪಕ್ಕದಲ್ಲೇ ಇದ್ದವು. ಅವನ್ನು ಮಾಳಿಗೆಯ ಆಚೆ ತುದಿಗೆ, ಬೆಳಕು ತಾಗದ ಕಡೆ ಸಾಗಿಸಿದೆ. ಅದೇ ಬಲ್ಬಿನಡಿ ಬಿಟ್ಟಿದ್ದರೆ ದೀಪಾವಳಿಗೆ ಒಂದು ಹೂವೂ ಸಿಗುತ್ತಿರಲಿಲ್ಲ.

ಹೋಲಿಸಿ ನೋಡಿದ್ದು

ಒಂದೇ ತಟ್ಟೆಯ ಸಸಿಗಳಲ್ಲಿ ಕೆಲವನ್ನು ಬಲ್ಬಿನ ಪಾತಿಯಲ್ಲೂ ಕೆಲವನ್ನು ನೀರಿನ ಟಾಕಿಯ ಹಿಂದಿನ ಕತ್ತಲ ಬದಿಯಲ್ಲೂ ಇಟ್ಟಿದ್ದೆ. ಮಣ್ಣು, ನೀರು ಎರಡಕ್ಕೂ ಒಂದೇ. ಶ್ರಾವಣ ಮುಗಿಯುವುದರೊಳಗೆ ಟಾಕಿ ಹಿಂದಿನವು ಮೊಗ್ಗಿನ ತೆನೆ ಎತ್ತಿದವು. ಪಾತಿಯವು ಗಣೇಶ ಚೌತಿ ಕಳೆದು ದಸರಾ ಬಂದರೂ ಎಲೆ ಬಿಡುತ್ತಲೇ ಇದ್ದವು, ಎತ್ತರ ಮೊಣಕಾಲು ದಾಟಿತ್ತು, ಎಲೆ ಅಂಗೈಯಗಲ. ಮಾಳಿಗೆ ಹತ್ತಿದವರಿಗೆ ಇವೆರಡೂ ಒಂದೇ ಬೀಜದವು ಎಂದು ನಂಬಿಸಲು ಎಲೆ ಹೊಸಕಿ ಮೂಸಿಸಬೇಕಾಯಿತು.

ಆಮೇಲೆ ಟಾಕಿ ಹಿಂದಿನ ಒಂದು ಮೊಗ್ಗಿನ ಗಿಡವನ್ನು ಬಲ್ಬಿನಡಿ ತಂದೆ. ಅದು ಎಲೆಗೆ ಮರಳುವುದು ನಿಧಾನ. ಅದಕ್ಕೊಂದು ಕಾರಣವಿದೆ. 1950ರ ದಶಕದಲ್ಲಿ ನೆದರ್ಲೆಂಡ್ಸಿನ ವಾಗೆನಿಂಗೆನ್‌ನಲ್ಲಿ ಯಾನ್ ಝೀವಾರ್ಟ್ ಪೆರಿಲಾದ ಮೇಲೆಯೇ ಕಸಿ ಪ್ರಯೋಗ ಮಾಡಿದ್ದರು. ಉದ್ದ ರಾತ್ರಿ ಕಂಡ ಎಲೆಯನ್ನು, ಅಂಥ ರಾತ್ರಿಯನ್ನೇ ಕಾಣದ ಗಿಡಕ್ಕೆ ಕಸಿ ಕಟ್ಟಿದರೆ ಆ ಗಿಡ ಹೂ ಬಿಟ್ಟಿತು. ಅದೇ ಎಲೆಯನ್ನು ಬಿಡಿಸಿ ಇನ್ನೊಂದಕ್ಕೆ ಕಟ್ಟಿದರೆ ಅದೂ ಹೂ ಬಿಟ್ಟಿತು. ಎಲೆ ಒಮ್ಮೆ ಹೂವಿನ ಸುದ್ದಿ ಹಿಡಿಯಿತೆಂದರೆ ಸಾಯುವತನಕ ಅದನ್ನೇ ಕಳಿಸುತ್ತಿರುತ್ತದೆ. ಹಾಗಾಗಿ ನಾನು ಮೊಗ್ಗಿನ ಜೊತೆಗೆ ಹಳೆಯ ದೊಡ್ಡ ಎಲೆಗಳನ್ನೂ ತೆಗೆದು, ಬುಡದ ಎರಡು ಗೆಣ್ಣು ಮಾತ್ರ ಉಳಿಸಿದೆ. ಹೊಸ ಚಿಗುರು ಎಲೆಯಾಗಿಯೇ ಬಂತು. ಆದರೂ ಇಷ್ಟು ಕಷ್ಟಪಡುವ ಬದಲು ಸಸಿ ನೆಟ್ಟ ರಾತ್ರಿಯಿಂದಲೇ ಬಲ್ಬು ಹಾಕುವುದು ಉತ್ತಮ.

ಹುಳ, ಔಷಧ, ಎಮ್ಮೆ

ಹಸಿಯಾಗಿ ತಿನ್ನುವ ಎಲೆ, ಅದಕ್ಕೆ ಏನು ಹೊಡೆದರೂ ನಮ್ಮ ಹೊಟ್ಟೆಗೇ. ಸಸ್ಯಹೇನು ಕಂಡಾಗ ನೀರಿನ ಜೋರು ಪಿಚಕಾರಿ, ಎಲೆ ಸುತ್ತುವ ಹುಳಕ್ಕೆ ಕೈ, ಬಸವನಹುಳಕ್ಕೆ ಸಂಜೆ ಟಾರ್ಚು. ನಿಪ್ಪಾಣಿ ಕಡೆಯ ಪರಿಚಯದವರು ತಂಬಾಕಿನ ಕಷಾಯ ಹೊಡೆಯಲು ಹೇಳಿದರು. ಅದರಲ್ಲಿರುವುದು ನಿಕೋಟಿನ್, ವಿಷವೇ. ಬಾಯಿಗೆ ಹೋಗುವ ಎಲೆಗೆ ಅದು ಸಲ್ಲದು. ಬೇವಿನೆಣ್ಣೆಯ ಕಹಿಯೂ ಎಲೆಯಲ್ಲಿ ಬಹಳ ದಿನ ಉಳಿಯುತ್ತದೆ.

ಚಿವುಟಿದ ಕಡ್ಡಿಗಳ ಬುಟ್ಟಿ ನೋಡಿ ಎದುರುಮನೆ ಕಾಕು ಕೇಳಿದರು: "ಇಷ್ಟ್ ಹಸರ ಯಾಕ ಚಲ್ಲತಿವಾ? ನಮ್ಮ ಎಮ್ಮಿಗೆ ಹಾಕ್ತೇನಿ ಕೊಡು."

"ಬ್ಯಾಡ್ರಿ ಕಾಕೂ, ಎಮ್ಮಿಗೆ ಇದು ಆಗಂಗಿಲ್ಲ. ಉಸರಾಟ ಕೆಡತೈತಿ."

ಇದನ್ನು ದನ ಇರುವ ಮನೆಯವರೆಲ್ಲ ತಿಳಿದಿರಲೇಬೇಕು. ಪೆರಿಲಾ ಗಿಡಗಳಲ್ಲಿ ಪೆರಿಲಾ ಕೀಟೋನ್ ಎಂಬ ವಸ್ತು ಇರುತ್ತದೆ. ದನ, ಆಡು, ಕುದುರೆ ಮೇದರೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯಬಹುದು. ಹೂ, ಬೀಜದ ಹಂತದಲ್ಲಿ ಅಪಾಯ ಇನ್ನೂ ಹೆಚ್ಚು. ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇನೆ, ಬೀದಿಗೆ ಎಸೆಯುವುದಿಲ್ಲ. ಉದುರಿದ ಬೀಜ ತಾನಾಗಿಯೇ ಎದ್ದು ಹಬ್ಬುವ ಗಿಡ ಇದು. ಹೊಲದ ಬದುವಿಗೆ, ಹುಲ್ಲುಗಾವಲಿಗೆ ಹೋಗದಂತೆ ನೋಡಿಕೊಳ್ಳುವುದು ಬೆಳೆದವರ ಜವಾಬ್ದಾರಿ.

ಅಡಿಗೆಮನೆಗೆ

ಹಸಿರೆಲೆಯ ಒಂದೇ ಮಗ್ಗುಲಿಗೆ ತೆಳು ಕಡಲೆಹಿಟ್ಟು ಹಚ್ಚಿ ಕರಿದರೆ ಪರಿಮಳ ಉಳಿಯುತ್ತದೆ. ದೊಡ್ಡಪತ್ರೆ ಬಜಿಯಂತೆ ಎರಡೂ ಕಡೆ ಹಿಟ್ಟು ಮೆತ್ತಿದರೆ ಹಿಟ್ಟಿನ ರುಚಿಯೇ ಮುಂದಾಗುತ್ತದೆ. ಸಣ್ಣಗೆ ಹೆಚ್ಚಿ ಸವತೆಕಾಯಿಯ ಕೋಸಂಬರಿಗೆ ಹಾಕುವುದು ಮನೆಯಲ್ಲಿ ಎಲ್ಲರಿಗೂ ಹಿಡಿಸಿದೆ. ಹೆಚ್ಚುವುದು ಬಡಿಸುವ ಹೊತ್ತಿಗೇ ಆಗಬೇಕು, ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ.

ಕೆಂಪೆಲೆಯನ್ನು ನೀರಲ್ಲಿ ಐದು ನಿಮಿಷ ಕುದಿಸಿ ಸೋಸಿದರೆ ಮಂಕು ನೇರಳೆ ಕಷಾಯ. ನಿಂಬೆಹಣ್ಣು ಹಿಂಡಿದ ಕ್ಷಣ ಅದು ಗುಲಾಬಿಗೆಂಪಾಗುತ್ತದೆ, ಎಲೆಯ ಆಂಥೋಸಯನಿನ್ ಬಣ್ಣಕ್ಕೆ ಹುಳಿ ತಾಗಿದಾಗ ಹೀಗೆ. ಬೆಲ್ಲ ಹಾಕಿದರೆ ಬಣ್ಣ ಮಾಸುತ್ತದೆ, ಸಕ್ಕರೆಯೇ ಆಗಬೇಕು. ಜಪಾನಿನಲ್ಲಿ ಉಮೆ ಎಂಬ ಹುಳಿಹಣ್ಣನ್ನು ಉಪ್ಪಿನಲ್ಲಿ ಹಾಕುವಾಗ ಕೆಂಪು ಬರಿಸುವುದು ಈ ಎಲೆಯೇ. ಎಲೆಗೆ ಉಪ್ಪು ಹಾಕಿ ತಿಕ್ಕಿ, ಮೊದಲು ಬರುವ ಕಪ್ಪು ನೊರೆರಸವನ್ನು ಚೆಲ್ಲಿ, ಉಳಿದದ್ದನ್ನು ಹಣ್ಣು ಬಿಟ್ಟ ಹುಳಿನೀರಿಗೆ ಸೇರಿಸುತ್ತಾರೆ. ನಮ್ಮಲ್ಲಿ ಅಷ್ಟೇ ಹುಳಿಯಾದದ್ದು ಖಾನಾಪುರದ ಕಾಡಿನಿಂದ ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಬರುವ ಕವಳಿಕಾಯಿ. ಎಳೆಯ ಕವಳಿಕಾಯಿಯನ್ನು ಕೆಂಪೆಲೆಯ ಜೊತೆ ಉಪ್ಪಿನಲ್ಲಿ ಹಾಕಬೇಕೆಂಬುದು ನನ್ನ ಮುಂದಿನ ಕೆಲಸ. ಅದಕ್ಕೆ ಕವಳಿಕಾಯಿ ಬರುವ ಹೊತ್ತಿಗೆ ಎಲೆ ತುಂಬಿ ನಿಂತಿರಬೇಕು, ಅಂದರೆ ಜನವರಿಯಲ್ಲಿ ಬಿತ್ತಬೇಕು. ವರ್ಷದ ಉದ್ದ ರಾತ್ರಿಗಳ ಕಾಲ, ಬಲ್ಬಿಲ್ಲದೆ ಸಾಧ್ಯವೇ ಇಲ್ಲ. ಮಾರ್ಚಿನಿಂದ ಅರ್ಧ ನೆರಳಿನ ಹಸಿರು ಪರದೆಯೂ ಬೇಕು.

ಬೀಜಕ್ಕೆ ಬಿಟ್ಟದ್ದು ಟಾಕಿ ಹಿಂದಿನ ಗಿಡಗಳು. ಕೆಂಪು ಮತ್ತು ಹಸಿರು ಬೆರಕೆಯಾಗದಂತೆ ಒಂದನ್ನು ಮನೆಯ ಮುಂದಿನ ಬದಿಗೆ ಇಳಿಸಿದೆ. ತೆನೆಯ ಕೆಳಗಿನ ಬಟ್ಟಲುಗಳು ಕಂದಾದಾಗ ಇಡೀ ತೆನೆ ಕೊಯ್ದು ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಕಾಳು ತಾನೇ ಉದುರುತ್ತದೆ, ಒಂದೊಂದು ಬಟ್ಟಲಿಗೆ ನಾಲ್ಕು. ನೆರಳಲ್ಲಿ ಒಣಗಿಸಿ, ಗಾಳಿಯಾಡದ ಸೀಸೆಯಲ್ಲಿ ತುಂಬಿ, ತಳಿ ಮತ್ತು ತಿಂಗಳು ಬರೆದು ಫ್ರಿಜ್ಜಿನಲ್ಲಿಟ್ಟಿದ್ದೇನೆ. ಈ ಕಾಳಿಗೆ ಇನ್ನೂ ನಿದ್ದೆಯ ಕಾಲ, ಆದ್ದರಿಂದ ಜನವರಿಗೆ ಹಳೆಯ ಪೊಟ್ಟಣದಲ್ಲಿ ಉಳಿದ ಬೀಜ, ಬರುವ ಜೂನಿಗೆ ಮನೆಯದು.